ಒಂಟಿತನದ ಪ್ರೇಮಕಥೆ ನೋಡಿ ನಿರಾಸೆಯಾಯ್ತಾ? ಅದು ಎಲ್ಲಿ ತಪ್ಪಿತು ಅಂತ ಹುಡುಕುವ ಬಗೆ

ಹೋದ ಶುಕ್ರವಾರ ರಾತ್ರಿ ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಒಂದು ಸಿನಿಮಾದ ಕೊನೆಯ ಶೋ ನೋಡಿದೆ. ದೊಡ್ಡ ಊರು, ಒಬ್ಬ ಹುಡುಗ, ಒಬ್ಬ ಹುಡುಗಿ. ಇಬ್ಬರೂ ಒಂಟಿ. ಸಿಗುತ್ತಾರೆ, ಹತ್ತಿರ ಬರುತ್ತಾರೆ, ದೂರ ಆಗುತ್ತಾರೆ, ಮತ್ತೆ ಸೇರುತ್ತಾರೆ. ಟ್ರೇಲರ್ ನೋಡಿದ ದಿನದಿಂದ ಕಾದಿದ್ದೆ. ಚೆನ್ನಾಗಿರಬೇಕು ಅಂತ ತುಂಬಾ ಆಸೆ ಇತ್ತು. ಮುಗಿದ ಮೇಲೆ ಸ್ಟೇಷನ್ನಿಗೆ ಬಂದು ಮುಲುಂಡ್‌ಗೆ ಲೋಕಲ್ ರೈಲು ಕಾಯುತ್ತಾ ನಿಂತಾಗ ಮನಸ್ಸಿಗೆ ಏನೋ ಕಸಿವಿಸಿ. ಸಿಟ್ಟಲ್ಲ. ದುಡ್ಡು ಹೋಯ್ತು ಅನ್ನುವ ಬೇಜಾರೂ ಅಲ್ಲ. ಕಷ್ಟ ಹೇಳಿಕೊಳ್ಳೋಣ ಅಂತ ಒಬ್ಬರ ಮನೆಗೆ ಹೋದಾಗ ಅವರು ಟೀ ಕೊಟ್ಟು, ಬಿಸ್ಕೆಟ್ ಕೊಟ್ಟು, ನಮ್ಮ ಮಾತನ್ನು ಮಾತ್ರ ಕೇಳದೆ ಕಳಿಸಿದರೆ ಹೇಗಿರುತ್ತದೆ, ಹಾಗೆ.

ಸಿನಿಮಾದ ಹೆಸರು ಬೇಡ. ಈ ಜಾತಿಯ ಸಿನಿಮಾ ಬರುತ್ತಲೇ ಇರುತ್ತವೆ, ನೀವೂ ಒಂದೆರಡು ನೋಡಿರುತ್ತೀರಿ. ನಾನು ಈ ಊರಲ್ಲಿ ಐದು ವರ್ಷದಿಂದ ಒಬ್ಬನೇ ಇದ್ದೇನೆ. ನನ್ನಂತೆ ಒನ್ ರೂಮ್ ಕಿಚನ್‌ನಲ್ಲಿ ಒಬ್ಬರೇ ಇರುವ ಕನ್ನಡದವರು ಮುಂಬೈಯಲ್ಲಿ ಎಷ್ಟೋ ಜನ. ಇಂಥ ಸಿನಿಮಾ ನಮಗೆ ಸುಮ್ನೆ ಟೈಮ್‌ಪಾಸ್ ಅಲ್ಲ. ಅದಕ್ಕೇ ಅದು ಸೋತಾಗ ‘ಬೋರ್’ ಅಂತ ಒಂದು ಮಾತು ಹೇಳಿ ಬಿಟ್ಟುಬಿಡಬೇಡಿ. ಎಲ್ಲಿ ಸೋತಿತು ಅಂತ ಹುಡುಕಿ. ನಾನು ಹುಡುಕಿದ್ದು ಹೇಗೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲ ಕೆಲಸ, ಅವತ್ತೇ ರಾತ್ರಿ ಯಾರಿಗೂ ಸ್ಟಾರ್ ಲೆಕ್ಕದಲ್ಲಿ ಮೆಸೇಜ್ ಮಾಡಬೇಡಿ. ಎರಡು ಸ್ಟಾರ್ ಅಂತ ಒಮ್ಮೆ ಬರೆದರೆ ಮುಗಿಯಿತು, ಆಮೇಲೆ ಆ ಎರಡನ್ನು ಸಮರ್ಥಿಸುವುದೇ ಕೆಲಸ ಆಗುತ್ತದೆ. ಅದರ ಬದಲು ಫೋನಿನಲ್ಲಿ ನೆನಪಿಗೆ ಬಂದ ಮೂರು ದೃಶ್ಯ ಬರೆದುಕೊಳ್ಳಿ. ಯೋಚನೆ ಮಾಡಿ ಆರಿಸಬೇಡಿ, ತಾವಾಗಿ ಬಂದದ್ದನ್ನು ಬರೆಯಿರಿ. ನಾನು ಪ್ಲಾಟ್‌ಫಾರ್ಮಿನಲ್ಲಿ ಬರೆದದ್ದು ಇಷ್ಟು: ಹುಡುಗಿ ರಾತ್ರಿ ಊಟ ಮುಗಿಸಿ ಒಂದೇ ಒಂದು ಚಮಚ ತೊಳೆದು ಸ್ಟ್ಯಾಂಡಿಗೆ ಹಾಕುವುದು. ಹುಡುಗ ಫೋನಿನಲ್ಲಿ ಅಮ್ಮನ ಜೊತೆ ಅವನ ಊರಿನ ಭಾಷೆಯಲ್ಲಿ ಮಾತಾಡುವಾಗ ಅವನ ಧ್ವನಿಯೇ ಬದಲಾಗುವುದು. ಲಿಫ್ಟಿನಲ್ಲಿ ಇಬ್ಬರೂ ಸಿಕ್ಕಿಕೊಂಡಾಗ ಅವಳು ತನ್ನ ನೀರಿನ ಬಾಟಲಿ ಕೊಡುವುದು.

ಆಮೇಲೆ ಆ ಪಟ್ಟಿಯಲ್ಲಿ ಏನಿಲ್ಲ ಅಂತ ನೋಡಿ. ಇದು ಜಾಸ್ತಿ ಮುಖ್ಯ. ನನ್ನ ಪಟ್ಟಿಯಲ್ಲಿ ಅವರಿಬ್ಬರ ಮಂಚದ ದೃಶ್ಯ ಇರಲಿಲ್ಲ. ಅದು ಸಿನಿಮಾದ ನಟ್ಟ ನಡುವೆ ಬರುತ್ತದೆ, ಉದ್ದ ಇದೆ, ಬೆಳಕು ಚೆನ್ನಾಗಿದೆ, ಹಿಂದೆ ಪಿಯಾನೋ ಇದೆ. ಪೋಸ್ಟರ್ ಕೂಡ ಅದರದ್ದೇ. ಆದರೂ ಅರ್ಧ ಗಂಟೆಯಲ್ಲಿ ಮರೆತೇ ಹೋಯಿತು. ತೊಳೆದ ಚಮಚ ಮಾತ್ರ ನೆನಪಲ್ಲಿ ಉಳಿಯಿತು. ಆ ಮೂರು ಒಳ್ಳೆಯ ದೃಶ್ಯಗಳೂ ಮೊದಲ ನಲವತ್ತು ನಿಮಿಷದೊಳಗಿನವು. ಅಂದರೆ ಇವರಿಗೆ ಒಂಟಿತನ ತೋರಿಸಲು ಬರುತ್ತದೆ. ಹತ್ತಿರ ಬರುವುದನ್ನು ತೋರಿಸಲು ಬಂದಿಲ್ಲ. ಮೂರು ಸಾಲು ಬರೆದುಕೊಂಡದ್ದರಿಂದ ಇಷ್ಟು ತಿಳಿಯಿತು.

ಯಾವ ಒಂಟಿತನ ಅಂತ ಕೇಳಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ವಿವೇಕ್ ಮೂರ್ತಿ ಅಂತ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ದೊಡ್ಡ ವೈದ್ಯರು, ಆಗಿದ್ದವರು ನಿಮಗೆ ಗೊತ್ತಿರಬಹುದು. ಅವರ ಹಿರಿಯರ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. 2023ರಲ್ಲಿ ಅವರು ಒಂಟಿತನದ ಬಗ್ಗೆಯೇ ಒಂದು ಸರ್ಕಾರಿ ಎಚ್ಚರಿಕೆ ಹೊರಡಿಸಿದರು. ಜನರ ನಂಟಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟು ಆಯಸ್ಸಿಗೆ ಕುತ್ತು ಅನ್ನುವ ಹೋಲಿಕೆ ಅದರಲ್ಲಿತ್ತು. ಅದಕ್ಕೂ ಮೊದಲು, 2020ರಲ್ಲಿ ಬರೆದ ಪುಸ್ತಕದಲ್ಲಿ ಅವರು ಒಂಟಿತನವನ್ನು ಮೂರು ಬಗೆಯಾಗಿ ಹೇಳುತ್ತಾರೆ. ಒಂದು, ಒಳಗಿನ ಮಾತು ಹೇಳಿಕೊಳ್ಳಲು ತೀರಾ ಆಪ್ತರಾದ ಒಬ್ಬರು ಇಲ್ಲದಿರುವುದು. ಎರಡು, ಗೆಳೆಯರು ಇಲ್ಲದಿರುವುದು. ಮೂರು, ನಾವು ಸೇರಿದ ಒಂದು ಜನ, ಒಂದು ಬಳಗ ಇಲ್ಲದಿರುವುದು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ತುಂಬುವುದಿಲ್ಲ. ಮನೆ ತುಂಬ ಪ್ರೀತಿ ಇರುವ ಗಂಡ ಹೆಂಡತಿಗೂ ಮೂರನೆಯದು ಕಾಡಬಹುದು.

ಮುಂಬೈ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಉಡುಪಿ, ಮಂಗಳೂರು ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಹೋಟೆಲ್ ಕೆಲಸಕ್ಕೆ ಬಂದ ಹುಡುಗರು ರಾತ್ರಿ ಹೋಟೆಲ್ ನೆಲದ ಮೇಲೇ ಸಾಲಾಗಿ ಮಲಗುತ್ತಿದ್ದರು. ಪಕ್ಕದಲ್ಲಿ ಮನುಷ್ಯರಿಗೆ ಬರವಿರಲಿಲ್ಲ. ಗೆಳೆತನವೂ ಇತ್ತು. ಆದರೂ ಅವರು ಹಗಲು ಲೋಟ ತೊಳೆದು, ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗಳಿಗೆ ಓಡುತ್ತಿದ್ದರು. ಓದಿ ಮುಂದೆ ಬರಬೇಕು ಅನ್ನುವ ಹಠ ಇತ್ತು, ನಿಜ. ಅದರ ಜೊತೆಗೆ, ಬೆಂಚಿನ ಮೇಲೆ ಕೂತು ಮೇಷ್ಟ್ರ ಬಾಯಿಂದ ನಮ್ಮ ಮಾತು ಕೇಳುವ ಸುಖವೂ ಇತ್ತು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಮಾಟುಂಗದ ಮೈಸೂರು ಅಸೋಸಿಯೇಷನ್ ಅನ್ನುವ ಕನ್ನಡಿಗರ ಸಂಘ 1926ರಲ್ಲಿ ಶುರುವಾಯಿತು. ಊರು ಬಿಟ್ಟು ಬಂದವರು ಇಷ್ಟು ದುಬಾರಿ ಊರಲ್ಲಿ ನಾಟಕಕ್ಕೆ, ಹಾಡಿಗೆ ಅಂತ ಒಂದು ಜಾಗ ಕಟ್ಟಿಕೊಂಡರಲ್ಲ, ಅದು ಮೂರನೆಯ ಒಂಟಿತನಕ್ಕೆ ಅವರು ಕಂಡುಕೊಂಡ ಮದ್ದು.

ಈಗ ಸಿನಿಮಾಗೆ ಬನ್ನಿ. ಒಂದು ಹಾಳೆಯಲ್ಲಿ ಎರಡೇ ಸಾಲು ಬರೆಯಿರಿ. ಇವನಿಗೆ ಇದ್ದ ಒಂಟಿತನ ಯಾವುದು? ಸಿನಿಮಾ ಕೊಟ್ಟ ಮದ್ದು ಯಾವುದಕ್ಕೆ? ನಾನು ನೋಡಿದ ಸಿನಿಮಾದ ಹುಡುಗ ಬೆಟ್ಟದ ಊರಿನವನು. ಅಪ್ಪ ತೀರಿಕೊಂಡಿದ್ದಾರೆ. ಆಫೀಸಿನಲ್ಲಿ ಅವನ ಹೆಸರನ್ನು ಯಾರೂ ಸರಿಯಾಗಿ ಕರೆಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಅಮ್ಮನ ಫೋನಿನಲ್ಲಿ ಮಾತ್ರ ಅವನ ಭಾಷೆ. ಇದನ್ನೆಲ್ಲ ಸಿನಿಮಾ ಎಷ್ಟು ಚೆನ್ನಾಗಿ ತೋರಿಸುತ್ತದೆ ಅಂದರೆ, ನನಗೆ ಗಂಟಲು ಕಟ್ಟಿತು. ಅದಾದ ಮೇಲೆ ಹುಡುಗಿ ಬರುತ್ತಾಳೆ, ಮಂಚ ಬರುತ್ತದೆ, ಅಮ್ಮನ ಫೋನು ಮಾಯ ಆಗುತ್ತದೆ. ಕೊನೆಯವರೆಗೂ ಆ ಭಾಷೆಯ ಒಂದು ಪದ ಮತ್ತೆ ಕೇಳಿಸುವುದಿಲ್ಲ. ಅವಳಿಗೆ ಆ ಭಾಷೆ ಗೊತ್ತಾ, ಗೊತ್ತಿಲ್ಲದಿದ್ದರೆ ಕೇಳಿದಳಾ, ಊಹೂಂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ಕಾಡಿದ್ದು ಇದೇ ಅಂತ ಮರುದಿನ ಬೆಳಿಗ್ಗೆ ಹಾಳೆ ಮುಂದೆ ಕೂತಾಗಲೇ ಗೊತ್ತಾದದ್ದು.

ನಿಮ್ಮ ಸಿನಿಮಾದಲ್ಲಿ ಇದು ಬೇರೆ ಥರ ಇರಬಹುದು. ಗೆಳೆಯರಿಲ್ಲದ ಹೆಣ್ಣಿಗೆ ಗಂಡ ಸಿಗುತ್ತಾನೆ, ಸಿನಿಮಾ ಮುಗಿಯುತ್ತದೆ. ಗಂಡ ಇದ್ದೂ ಮಾತಿಲ್ಲದ ಹೆಣ್ಣಿಗೆ ಒಂದು ಪ್ರವಾಸ ಸಿಗುತ್ತದೆ, ಗೋವಾದ ಬೀಚು ತೋರಿಸುತ್ತಾರೆ, ಸಿನಿಮಾ ಮುಗಿಯುತ್ತದೆ. ಎರಡು ಸಾಲು ಬರೆದರೆ ಬಿರುಕು ಕಣ್ಣಿಗೆ ಕಾಣುತ್ತದೆ.

ಹತ್ತಿರ ಬಂದದ್ದು ನಿಜವಾ ಅಂತ ನೋಡುವುದು

ಪ್ರೇಮದ ದೃಶ್ಯವನ್ನು ಅಳೆಯಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಆ ದೃಶ್ಯ ತೆಗೆದುಬಿಟ್ಟರೆ ಮುಂದಿನ ಕಥೆಯಲ್ಲಿ ಏನಾದರೂ ಬದಲಾಗುತ್ತದಾ? ಅದಾದ ಮೇಲೆ ಒಬ್ಬರಿಗೆ ಇನ್ನೊಬ್ಬರ ಬಗ್ಗೆ ಮೊದಲು ಗೊತ್ತಿಲ್ಲದ್ದು ಏನಾದರೂ ಗೊತ್ತಾಯಿತಾ? ಅವನ ಬೆನ್ನಿನ ಮೇಲೆ ಹಳೆಯ ಗಾಯ ಇದೆ ಅಂತಲೋ, ಅವಳು ದೀಪ ಆರಿಸಿದರೆ ಹೆದರುತ್ತಾಳೆ ಅಂತಲೋ, ಏನಾದರೂ. ಮರುದಿನ ಅವರು ಟೀ ಕುಡಿಯುವ ರೀತಿಯಾದರೂ ಬೇರೆ ಇರಬೇಕು. ಏನೂ ಬದಲಾಗದಿದ್ದರೆ ಅದು ಕಥೆಯ ದೃಶ್ಯ ಅಲ್ಲ, ಪೋಸ್ಟರ್‌ಗೆ ಬೇಕಾದ ದೃಶ್ಯ.

ಕೈಗಳನ್ನು ನೋಡಿ. ಮುಖ ನಟಿಸುತ್ತದೆ, ಕೈ ಅಷ್ಟು ಬೇಗ ನಟಿಸುವುದಿಲ್ಲ. ಇದನ್ನು ನನಗೆ ಕಲಿಸಿದವಳು ನಮ್ಮ ಭಾನುವಾರದ ಗುಂಪಿನ ಗೆಳತಿ. ನಾವು ನಾಲ್ಕು ಜನ ಇದ್ದೇವೆ, ಸಿನಿಮಾ ನೋಡಿ ಆಮೇಲೆ ಕೂತು ಮಾತಾಡುವವರು. ಅವಳು ವಿಜಯಪುರ ಕಡೆಯವಳು, ನರ್ಸ್. ಈ ಸಿನಿಮಾ ಬಗ್ಗೆ ನಾವು ಮೂವರು ಕ್ಯಾಮೆರಾ, ಸಂಭಾಷಣೆ, ಎಡಿಟಿಂಗ್ ಅಂತ ಅರ್ಧ ಗಂಟೆ ಮಾತಾಡಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು. “ಅವನಿಗೆ ಎರಡು ಸೀನ್ ಪೂರ್ತಿ ಜ್ವರ ಇತ್ತು. ಅವಳು ಒಂದು ಸಲನೂ ಹಣೆ ಮುಟ್ಟಿ ನೋಡಲಿಲ್ಲ.”

ನಾವು ಸುಮ್ಮನಾದೆವು. ಹೌದಲ್ವಾ. ಅವಳು ಬಾಗಿಲಲ್ಲಿ ನಿಂತು ‘ಡಾಕ್ಟರ್ ಹತ್ತಿರ ಹೋದೆಯಾ’ ಅಂತ ಕೇಳುತ್ತಾಳೆ. ಮಾತ್ರೆಯ ಸ್ಟ್ರಿಪ್ ಮೇಜಿನ ಮೇಲೆ ಇಡುತ್ತಾಳೆ. ಮುಂದಿನ ಸೀನಿನಲ್ಲಿ ಇಬ್ಬರೂ ಮುತ್ತಿಡುತ್ತಿದ್ದಾರೆ. ಜ್ವರದ ಹಣೆ ಮುಟ್ಟದ ಕೈ ಹಾಗೆ ಒಂದೇ ಸಲಕ್ಕೆ ಮುತ್ತಿನ ತನಕ ಹೇಗೆ ಬಂತು? ನಮ್ಮ ಕಡೆ ಜ್ವರ ಬಂದವರನ್ನು ಮೊದಲು ಅಂಗೈಯಿಂದ ಮುಟ್ಟಿ ನೋಡುತ್ತಾರೆ, ಆಮೇಲೆ ಕೈ ತಿರುಗಿಸಿ ಹಿಂಗೈಯಿಂದ ಕುತ್ತಿಗೆ ಹತ್ತಿರ ನೋಡುತ್ತಾರೆ. ಎರಡು ಸೆಕೆಂಡಿನ ಕೆಲಸ. ಒಬ್ಬನೇ ಇರುವಾಗ ಜ್ವರ ಬಂದರೆ ನಾವೇ ನಮ್ಮ ಹಣೆ ಮುಟ್ಟಿಕೊಳ್ಳುತ್ತೇವೆ, ಕೈಯೂ ಬಿಸಿ ಇರುವುದರಿಂದ ಏನೂ ಗೊತ್ತಾಗುವುದಿಲ್ಲ. ಹೋದ ಜುಲೈ ಮಳೆಯಲ್ಲಿ ನನಗೆ ಮೂರು ದಿನ ಹಾಗೇ ಆಯಿತು. ಒಂಟಿತನ ಮತ್ತು ಸ್ಪರ್ಶದ ಬಗ್ಗೆ ಸಿನಿಮಾ ಮಾಡುವವರಿಗೆ ಈ ಎರಡು ಸೆಕೆಂಡ್ ಕೈ ತಪ್ಪಿದರೆ ಹೇಗೆ?

ನಟರನ್ನು ಬೈಯುವ ಮೊದಲು ಒಂದು ವಿಷಯ ತಿಳಿದಿರಲಿ. ಇಂಥ ದೃಶ್ಯಗಳು ಈಗ ಆ ಕ್ಷಣದಲ್ಲಿ ತೋಚಿದಂತೆ ಆಗುವುದಿಲ್ಲ. 2018ರಲ್ಲಿ ಅಮೆರಿಕದ ಎಚ್‌ಬಿಒ ಟಿವಿ ಚಾನೆಲ್ ತನ್ನ ಧಾರಾವಾಹಿಗಳಲ್ಲಿ ಇಂಥ ದೃಶ್ಯ ಇದ್ದಾಗ ಇಂಟಿಮಸಿ ಕೋಆರ್ಡಿನೇಟರ್, ಅಂದರೆ ಆಪ್ತ ದೃಶ್ಯಗಳನ್ನು ನಟರ ಒಪ್ಪಿಗೆಯಂತೆ ನಡೆಸಿಕೊಡುವವರು, ಇರಲೇಬೇಕು ಅಂತ ನಿಯಮ ಮಾಡಿತು. ಹಿಂದಿಯಲ್ಲಿ 2022ರ ‘ಗೆಹರಾಯಿಯಾಂ’ ಸಿನಿಮಾಗೆ ಇಂಟಿಮಸಿ ಡೈರೆಕ್ಟರ್ ಅಂತ ದರ್ ಗಾಯ್ ಕೆಲಸ ಮಾಡಿದರು. ಯಾರ ಕೈ ಎಲ್ಲಿರಬೇಕು, ಯಾವುದಕ್ಕೆ ನಟಿ ಒಪ್ಪಿದ್ದಾರೆ, ಯಾವುದಕ್ಕೆ ಇಲ್ಲ, ಎಲ್ಲಾ ಮೊದಲೇ ಮಾತಾಗಿರುತ್ತದೆ. ಫೈಟ್ ಸೀನಿಗೆ, ಡ್ಯಾನ್ಸಿಗೆ ಅಭ್ಯಾಸ ಮಾಡಿದ ಹಾಗೆ ಇದಕ್ಕೂ ಅಭ್ಯಾಸ. ಇದು ಒಳ್ಳೆಯದೇ, ನಟಿಯರು ಎಷ್ಟೋ ವರ್ಷ ಅನುಭವಿಸಿದ ಮುಜುಗರ ಇದರಿಂದ ಕಡಿಮೆಯಾಗಿದೆ. ಹಾಗಾಗಿ ‘ಕೆಮಿಸ್ಟ್ರಿ ಇಲ್ಲ’ ಅಂತ ನಟರ ತಲೆಗೆ ಕಟ್ಟುವ ಮೊದಲು, ಬರೆದವರು ಅವರ ಕೈಗೆ ಏನು ಕೊಟ್ಟಿದ್ದರು ಅಂತ ಕೇಳಿ.

ಸೆನ್ಸಾರ್ ಕೂಡ ಒಂದು ಕಾರಣ ಇರಬಹುದು. ಥಿಯೇಟರಿನಲ್ಲಿ ಶುರುವಿಗೆ ಸರ್ಟಿಫಿಕೇಟ್ ಬರುತ್ತದಲ್ಲ, ನಾವು ಆಗ ಸೀಟು ಹುಡುಕುತ್ತಾ ಇರುತ್ತೇವೆ. ಅದರಲ್ಲಿ ಸಿನಿಮಾ ಎಷ್ಟು ಉದ್ದ ಅಂತ ನಿಮಿಷದ ಲೆಕ್ಕ ಇರುತ್ತದೆ. ಬರೆದಿಟ್ಟುಕೊಳ್ಳಿ. ವಿದೇಶದ ಸಿನಿಮಾ ಆಗಿದ್ದರೆ ಮೂಲ ಉದ್ದದ ಜೊತೆ ಹೋಲಿಸಿ. ಒಂದು ನಿಮಿಷ ಕಡಿಮೆ ಇದ್ದರೆ ಮಧ್ಯದಲ್ಲಿ ಕತ್ತರಿ ಆಡಿರಬಹುದು, ನಿಮಗೆ ‘ಹಾರಿದ ಹಾಗೆ’ ಅನಿಸಿದ ಜಾಗ ಅದೇ ಇರಬಹುದು. 2024ರ ಹೊಸ ನಿಯಮದಲ್ಲಿ ಯು/ಎ, ಅಂದರೆ ಹೆತ್ತವರ ವಿವೇಚನೆಯಂತೆ ಮಕ್ಕಳು ನೋಡಬಹುದಾದದ್ದು ಅನ್ನುವ ಗುರುತು, 7, 13, 16 ವಯಸ್ಸಿನ ಮೂರು ಭಾಗ ಆಗಿದೆ. ದೊಡ್ಡವರಿಗೆ ಮಾತ್ರ ಅನ್ನುವ ಎ ಬಂದರೆ ನೋಡುವವರು ಕಡಿಮೆ ಆಗುತ್ತಾರೆ ಅಂತ ನಿರ್ಮಾಪಕರೇ ಕತ್ತರಿಗೆ ಒಪ್ಪುವುದೂ ಉಂಟು. ಓಟಿಟಿಗೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಾಗಿಲ್ಲ, 2021ರ ನಿಯಮದ ಪ್ರಕಾರ ಅವರೇ ವಯಸ್ಸಿನ ಗುರುತು ಹಾಕುತ್ತಾರೆ. ಇಂಟರ್ವಲ್ ಇನ್ನೊಂದು. ಇಂಟರ್ವಲ್ ಇಲ್ಲದೆ ಮಾಡಿದ ಸಿನಿಮಾವನ್ನು ನಮ್ಮಲ್ಲಿ ಎಲ್ಲೋ ಮಧ್ಯಕ್ಕೆ ಮುರಿಯುತ್ತಾರೆ. ಮೌನದ ದೃಶ್ಯ ಅರ್ಧಕ್ಕೆ ನಿಂತು ಪಾಪ್‌ಕಾರ್ನ್ ಜಾಹೀರಾತು ಬಂದರೆ ಆ ಮೌನ ಮತ್ತೆ ಕಟ್ಟಿಕೊಳ್ಳುವುದು ಕಷ್ಟ. ಇವನ್ನೆಲ್ಲ ಕಳೆದು ಉಳಿದದ್ದು ಮಾತ್ರ ನಿರ್ದೇಶಕರ ತಪ್ಪು.

ಕಿವಿಯಿಂದ ನೋಡುವುದು

ಓಟಿಟಿಗೆ ಬಂದ ಮೇಲೆ ಮತ್ತೆ ನೋಡುವುದಾದರೆ ಹೀಗೆ ಮಾಡಿ. ಒಂದು ಒಂಟಿತನದ ದೃಶ್ಯ ಆರಿಸಿ, ಕಣ್ಣು ಮುಚ್ಚಿ ಐದು ನಿಮಿಷ ಬರೀ ಕೇಳಿ. ಅದಕ್ಕೂ ಮೊದಲು ನಿಮ್ಮ ಕೋಣೆಯಲ್ಲಿ ಫೋನು ಬದಿಗಿಟ್ಟು ಐದು ನಿಮಿಷ ಕೂತು ಅಲ್ಲಿನ ಸದ್ದು ಕೇಳಿಸಿಕೊಳ್ಳಿ. ನನ್ನ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಫ್ಯಾನು ಪ್ರತಿ ಸುತ್ತಿಗೆ ಟಕ್ ಅನ್ನುತ್ತದೆ. ಫ್ರಿಜ್ಜು ನಡುಗಿ ನಿಲ್ಲುತ್ತದೆ. ಮೇಲಿನ ಮನೆಯಲ್ಲಿ ಮಗು ಓಡುತ್ತದೆ, ಯಾರೋ ಮರಾಠಿಯಲ್ಲಿ ಗದರುತ್ತಾರೆ. ದೂರದಲ್ಲಿ ಲೋಕಲ್ ಹಾರ್ನ್. ಒಂಟಿಯಾಗಿದ್ದವರಿಗೆ ಮನೆ ನಿಶ್ಶಬ್ದವಾಗಿ ಇರುವುದಿಲ್ಲ, ಬೇರೆಯವರ ಸದ್ದಿನಿಂದ ತುಂಬಿರುತ್ತದೆ. ಅದೇ ಹೆಚ್ಚು ನೋವು ಕೊಡುವುದು. ಸಿನಿಮಾದಲ್ಲಿ ಹುಡುಗ ಮನೆಗೆ ಬಂದು ಬೀಗ ತೆಗೆದ ಕೂಡಲೇ ಪಿಯಾನೋ ಶುರುವಾಗುತ್ತದೆ. ಪಿಯಾನೋ ನಮಗೆ ‘ಈಗ ಬೇಜಾರು ಮಾಡಿಕೊಳ್ಳಿ’ ಅಂತ ಹೇಳುತ್ತದೆ. ಫ್ಯಾನು ಹಾಗೆ ಹೇಳುವುದಿಲ್ಲ, ಅದಕ್ಕೇ ನಿಜ ಅನಿಸುತ್ತದೆ.

ಸಾಮಾನುಗಳನ್ನೂ ನೋಡಿ. ಒಬ್ಬರೇ ಇರುವವರ ಅಡುಗೆಮನೆ ಬೇರೆ ಥರ ಇರುತ್ತದೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒಬ್ಬರಿಗೆ ಜಾಸ್ತಿ. ತೆಂಗಿನಕಾಯಿ ಒಡೆದರೆ ಒಂದು ಹೋಳು ಸಾಕು, ಇನ್ನೊಂದು ಹೋಳು ಫ್ರಿಜ್ಜಿಗೆ ಹೋಗುತ್ತದೆ. ಅಲ್ಲಿ ಅದು ಮೊದಲು ಬಾಯಿಯ ಸುತ್ತ ಕಂದಾಗುತ್ತದೆ, ಆಮೇಲೆ ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಕೊನೆಗೆ ಒಂಥರಾ ಸೋಪಿನ ವಾಸನೆ ಬರುತ್ತದೆ. ಎರಡು ವರ್ಷದ ಹಿಂದೆ ಅಮ್ಮ ಕುಮಟಾದಿಂದ ಮತ್ಸ್ಯಗಂಧ ರೈಲು ಹತ್ತಿ ಬಂದಾಗ ಫ್ರಿಜ್ ತೆಗೆದು ಅಂಥ ಮೂರು ಹೋಳು ಒಂದರ ಪಕ್ಕ ಒಂದು ನೋಡಿದಳು. ಏನೂ ಕೇಳಲಿಲ್ಲ. ಚಿಪ್ಪು ಹಿಡಿದು ಅವನ್ನು ಮೂಸಿ ನೋಡಿ, ಎರಡನ್ನು ಬಿಸಾಡಿ, ಒಂದನ್ನು ತುರಿದು ಚಟ್ನಿ ಮಾಡಿದಳು. ನಾನು ಹೇಗಿದ್ದೇನೆ ಅಂತ ಅವಳಿಗೆ ಪೂರ್ತಿ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು. ನಾನು ನೋಡಿದ ಸಿನಿಮಾದಲ್ಲಿ ಆ ಚಮಚ ಬಿಟ್ಟರೆ ಇಂಥದ್ದು ಮತ್ತೊಂದಿಲ್ಲ. ಹುಡುಗನ ಸಂಬಳ ಕಡಿಮೆ ಅಂತ ಹೇಳುತ್ತಾರೆ, ಕಿಟಕಿಯಿಂದ ಸಮುದ್ರ ಕಾಣುತ್ತದೆ. ಇದು ಸಣ್ಣ ತಪ್ಪಲ್ಲ. ಈ ಊರಲ್ಲಿ ಹತ್ತಿರ ಬರಬೇಕು ಅನ್ನುವವರಿಗೆ ಮೊದಲ ತೊಂದರೆಯೇ ಜಾಗ. ಒಂದು ಕೋಣೆಯಲ್ಲಿ ನಾಲ್ಕು ಜನ ಇರುತ್ತಾರೆ, ಒಬ್ಬರೇ ಇದ್ದರೆ ಸೊಸೈಟಿಯ ವಾಚ್‌ಮನ್ ಯಾರು ಬಂದರು ಅಂತ ಬರೆದಿಡುತ್ತಾನೆ. ಅದಕ್ಕೇ ಸಂಜೆ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳ ಮೇಲೆ, ಮರೀನ್ ಡ್ರೈವ್ ಕಟ್ಟೆಯ ಮೇಲೆ ಜೋಡಿಗಳು. ಎಲ್ಲರೂ ಊರಿಗೆ ಬೆನ್ನು ಹಾಕಿ ಸಮುದ್ರದ ಕಡೆ ಮುಖ ಮಾಡಿ ಕೂತಿರುತ್ತಾರೆ. ಸಾವಿರ ಜನರ ನಡುವೆ ಆ ಬೆನ್ನೇ ಅವರ ಗೋಡೆ, ಬಾಗಿಲು, ಪರದೆ ಎಲ್ಲಾ. ಸಮುದ್ರ ಕಾಣುವ ಫ್ಲ್ಯಾಟನ್ನು ಪುಕ್ಕಟೆ ಕೊಟ್ಟುಬಿಟ್ಟರೆ ಈ ಕಥೆಯೇ ಹೋಗುತ್ತದೆ.

ಹೋಲಿಕೆಗೆ ಒಂದು ಒಳ್ಳೆಯ ಸಿನಿಮಾ ಕೈಯಲ್ಲಿ ಇಟ್ಟುಕೊಳ್ಳಿ, ಆದರೆ ಪೂರ್ತಿ ಸಿನಿಮಾವನ್ನು ತೂಗಬೇಡಿ, ಒಂದೇ ದೃಶ್ಯ ಸಾಕು. ನನಗೆ ಅದು ರಿತೇಶ್ ಬಾತ್ರಾ ಅವರ 2013ರ ‘ದಿ ಲಂಚ್‌ಬಾಕ್ಸ್’. ಡಬ್ಬಾವಾಲಾ ತಪ್ಪಿ ಬೇರೆಯವರಿಗೆ ಕೊಟ್ಟ ಊಟದ ಡಬ್ಬಿಯಿಂದ ಶುರುವಾಗುವ ಮುಂಬೈ ಕಥೆ. ಅದರಲ್ಲಿ ಇರ್ಫಾನ್ ಖಾನ್ ರಾತ್ರಿ ಬಾಲ್ಕನಿಯಲ್ಲಿ ಸಿಗರೇಟು ಸೇದುತ್ತಾ ನಿಂತಿರುತ್ತಾರೆ. ಎದುರು ಮನೆಯಲ್ಲಿ ಎಲ್ಲರೂ ಕೂಡಿ ಊಟ ಮಾಡುತ್ತಿರುತ್ತಾರೆ. ಆ ಮನೆಯ ಹುಡುಗಿ ಇವರನ್ನು ನೋಡಿ ಕಿಟಕಿ ಮುಚ್ಚುತ್ತಾಳೆ. ಅಷ್ಟೇ. ‘ನಾನು ಒಂಟಿ’ ಅಂತ ಯಾರೂ ಹೇಳುವುದಿಲ್ಲ. ಅವರು ಮತ್ತು ಆ ಡಬ್ಬಿ ಕಳಿಸುವ ಹೆಂಗಸಾಗಿ ನಟಿಸಿದ ನಿಮ್ರತ್ ಕೌರ್ ಒಟ್ಟಿಗೆ ಕೂತು ಮಾತಾಡುವ ಒಂದು ದೃಶ್ಯವೂ ಆ ಸಿನಿಮಾದಲ್ಲಿಲ್ಲ. ಡಬ್ಬಿಯೊಳಗೆ ಬರೀ ಚೀಟಿ, ಬರೀ ಊಟ. ಆದರೂ ನಾನು ನೋಡಿದ ಸಿನಿಮಾದ ಮಂಚಕ್ಕಿಂತ ಆ ಡಬ್ಬಿಯಲ್ಲಿ ಆಪ್ತತೆ ಜಾಸ್ತಿ ಇದೆ, ಯಾಕೆಂದರೆ ಪ್ರತಿ ಚೀಟಿಯಲ್ಲೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೊಸದೊಂದು ಗೊತ್ತಾಗುತ್ತದೆ.

ನಿರಾಸೆಯಲ್ಲಿ ನಿಮ್ಮ ಪಾಲು ಎಷ್ಟು

ಇದು ಕಷ್ಟದ ಭಾಗ, ಆದರೆ ಬಿಡಬೇಡಿ. ಎಲ್ಲಾ ತಪ್ಪೂ ಸಿನಿಮಾದ್ದಲ್ಲ. ನಾನು ಆ ರಾತ್ರಿ ಏನು ಬೇಕು ಅಂತ ಹೋಗಿದ್ದೆ ಅಂತ ನನ್ನನ್ನೇ ಕೇಳಿಕೊಂಡೆ. ಅಕ್ಕನ ಹತ್ತಿರ ಫೋನಿನಲ್ಲಿ ಹೇಳಲಾಗದ ಮಾತನ್ನು ಪರದೆ ಮೇಲೆ ಯಾರಾದರೂ ಹೇಳಲಿ ಅಂತ ಹೋಗಿದ್ದೆ. ಅಷ್ಟು ಭಾರ ಯಾವ ಸಿನಿಮಾವೂ ಹೊರಲಾರದು. ಹಾಗಾಗಿ ಹಾಳೆಯಲ್ಲಿ ಮೂರನೆಯ ಸಾಲು ಬರೆದೆ: ನನಗೆ ಬೇಕಿದ್ದದ್ದು. ಅದನ್ನು ಮೊದಲೆರಡು ಸಾಲಿನ ಪಕ್ಕ ಇಟ್ಟರೆ ಯಾವುದು ಸಿನಿಮಾದ ಸೋಲು, ಯಾವುದು ನನ್ನ ಹಸಿವು ಅಂತ ಬೇರೆ ಬೇರೆ ಕಾಣುತ್ತದೆ. ಅಕ್ಕನಿಗೆ ಆ ಭಾನುವಾರ ಫೋನ್ ಮಾಡಿದೆ, ಒಂದು ಗಂಟೆ ಮಾತಾಡಿದೆವು.

ಸಿನಿಮಾ ನೋಡಿದ ಮೇಲೆ ಮನಸ್ಸು ಕುಸಿದು ದಿನಗಟ್ಟಲೆ ಏಳದಿದ್ದರೆ, ನಿದ್ದೆ ಊಟ ಬಿಟ್ಟು ಹೋದರೆ, ಅದು ಸಿನಿಮಾದ ವಿಷಯ ಅಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಮಾಡಿ, ನಾಚಿಕೆ ಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಇದೆ. ಲೋಕಲ್‌ನ ಒಂದು ಬೋಗಿಯಲ್ಲಿ ನಿಮ್ಮಂಥವರು ಎಷ್ಟು ಜನ ಅಂತ ನೀವೇ ಲೆಕ್ಕ ಹಾಕಿ.

ಇತರರ ಜೊತೆ ಮಾತಾಡುವಾಗ

ನಮ್ಮ ನಾಲ್ಕು ಜನರ ಗುಂಪು ಸೇರುವುದು ಮಾಟುಂಗದಲ್ಲಿ, ಸ್ಟೇಷನ್ ಹತ್ತಿರದ ಉಡುಪಿ ಹೋಟೆಲ್‌ಗಳಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಸಾಲು ನಿಲ್ಲಬೇಕು, ಒಳಗೆ ಜಾಸ್ತಿ ಹೊತ್ತು ಕೂರಲು ಬಿಡುವುದಿಲ್ಲ. ಹಾಗಾಗಿ ತಿಂಡಿ ಮುಗಿಸಿ ಹೊರಗೆ ಫುಟ್‌ಪಾತಿನಲ್ಲಿ, ಹೂವಿನ ಅಂಗಡಿಗಳ ಹತ್ತಿರ ನಿಂತು ಮಾತಾಡುತ್ತೇವೆ. ಒಂದೇ ನಿಯಮ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಮೊದಲ ಸುತ್ತಿನಲ್ಲಿ ಯಾರೂ ಹೇಳಬಾರದು. ಪ್ರತಿಯೊಬ್ಬರೂ ಒಂದು ದೃಶ್ಯ ಹೇಳಬೇಕು, ನೋಡಿದ್ದನ್ನು ನೋಡಿದ ಹಾಗೆ. ಯಾರೂ ಮಧ್ಯೆ ಬಾಯಿ ಹಾಕಬಾರದು. ಹೀಗೆ ಮಾಡಿದ್ದರಿಂದಲೇ ಆ ಹಣೆಯ ಮಾತು ಹೊರಗೆ ಬಂತು. ಮೊದಲೇ ‘ಏ ವೇಸ್ಟ್’ ಅಂತ ಒಬ್ಬರು ತೀರ್ಪು ಕೊಟ್ಟಿದ್ದರೆ ಅವಳು ಸುಮ್ಮನೆ ಕಾಫಿ ಕುಡಿದು ಹೋಗುತ್ತಿದ್ದಳು.

ಬರೆಯುವುದಾದರೂ ಹಾಗೇ. ‘ಸ್ಲೋ’ ಅಂತ ಬರೆಯಬೇಡಿ, ನಿಧಾನ ತಪ್ಪಲ್ಲ. ಒಂಟಿಯವರ ಸಂಜೆ ನಿಧಾನವಾಗಿಯೇ ಹೋಗುತ್ತದೆ. ‘ಹನ್ನೆರಡು ನಿಮಿಷ ಅವನು ಕಿಟಕಿ ನೋಡುತ್ತಾನೆ, ಕಿಟಕಿಯಾಚೆ ಏನಿದೆ ಅಂತ ಒಮ್ಮೆಯೂ ತೋರಿಸುವುದಿಲ್ಲ’ ಅಂತ ಬರೆಯಿರಿ. ‘ಫೀಲ್ ಇಲ್ಲ’ ಅನ್ನಬೇಡಿ, ‘ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುವ ದೃಶ್ಯ ಒಂದೂ ಇಲ್ಲ’ ಅನ್ನಿ. ಓದಿದವರಿಗೆ ತಾವಾಗಿಯೇ ಅರ್ಥವಾಗುತ್ತದೆ. ಒಳ್ಳೆಯದನ್ನೂ ಬಿಡದೆ ಬರೆಯಿರಿ. ಆ ಚಮಚದ ದೃಶ್ಯ ಬರೆದವರು ಯಾರೋ, ಅವರಿಗೆ ಒಬ್ಬರೇ ಇರುವುದು ಅಂದರೆ ಏನು ಅಂತ ಗೊತ್ತು.

ಕೊನೆಯದಾಗಿ, ತಪ್ಪಿದ ಒಂದು ದೃಶ್ಯವನ್ನು ನೀವೇ ತಿದ್ದಿ ಬರೆಯಿರಿ. ಒಂದು ಪುಟ ಸಾಕು. ಇದು ಬಹಳ ಜನ ಮಾಡುವುದಿಲ್ಲ, ಆದರೆ ನಿರಾಸೆ ನಿಜವಾಗಿ ಇಳಿಯುವುದು ಇದರಿಂದಲೇ. ನಾನು ಜ್ವರದ ದೃಶ್ಯ ತೆಗೆದುಕೊಂಡೆ. ಹುಡುಗ ಮಲಗಿದ್ದಾನೆ. ಅಮ್ಮನ ಫೋನು ಬರುತ್ತದೆ, ಅವನಿಗೆ ಎತ್ತಲು ಆಗುವುದಿಲ್ಲ, ನಿಂತು ಹೋಗುತ್ತದೆ. ಹುಡುಗಿ ಬರುತ್ತಾಳೆ. ಚಪ್ಪಲಿ ಬಿಡುತ್ತಾಳೆ. ಹಣೆ ಮುಟ್ಟಿ ನೋಡುತ್ತಾಳೆ, ಆಮೇಲೆ ಕೈ ತಿರುಗಿಸಿ ಕುತ್ತಿಗೆ. ಒಳಗೆ ಹೋಗಿ ಗಂಜಿ ಮಾಡುತ್ತಾಳೆ, ಮನೆಯಲ್ಲಿ ಇರುವ ಒಂದೇ ತಟ್ಟೆಯಲ್ಲಿ ಹಾಕಿ ತರುತ್ತಾಳೆ. ಅವನನ್ನು ಎಬ್ಬಿಸಿ, ಅವನ ಅಮ್ಮ ದಿನಾ ಫೋನಿನಲ್ಲಿ ಕೇಳುವ ಆ ಒಂದು ಮಾತನ್ನು, ಊಟ ಆಯ್ತಾ ಅನ್ನುವುದನ್ನು, ಅವನ ಭಾಷೆಯಲ್ಲೇ ಕೇಳುತ್ತಾಳೆ. ಉಚ್ಚಾರ ತಪ್ಪು. ಅವನು ತಿದ್ದುತ್ತಾನೆ. ಅವಳು ಮತ್ತೆ ಹೇಳುತ್ತಾಳೆ, ಮತ್ತೆ ತಪ್ಪು. ಪಿಯಾನೋ ಇಲ್ಲ, ಫ್ಯಾನು ತಿರುಗುತ್ತಿದೆ.

ಇದನ್ನು ಭಾನುವಾರ ಮಾಟುಂಗದ ಫುಟ್‌ಪಾತಿನಲ್ಲಿ ನಿಂತು ಓದಿದೆ. ನಮ್ಮ ನರ್ಸ್ ಗೆಳತಿ ಕಣ್ಣೊರೆಸಿಕೊಂಡಳು. ಆಮೇಲೆ, ಗಂಜಿಗೆ ಉಪ್ಪು ಹಾಕಿದ್ದಾಳಾ, ಜ್ವರದಲ್ಲಿ ಉಪ್ಪು ಬೇಕು, ಅದನ್ನೂ ಬರಿ ಅಂದಳು. ಬರೆದೆ.